ಬ್ಯಾಗ್ ಚೆನ್ನಾಗಿದೆ, ಮೇಲಿನ ಫಿಲ್ಟರ್ ಮಾತ್ರ ಪ್ರಾಣ ತಿನ್ನುತ್ತದೆ

ಸಿಂಗಲ್-ಯೂಸ್ ಬಯೋರಿಯಾಕ್ಟರ್ ಅಂದರೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬ್ಯಾಗಿನಲ್ಲಿ ಸೆಲ್ ಬೆಳೆಸುವ ಯಂತ್ರ. ಸ್ಟೀಲ್ ಟ್ಯಾಂಕಿನಲ್ಲಿ ಕೆಲಸ ಮಾಡಿ ಬಂದವರಿಗೆ ಇದರ ಸುಖ ಗೊತ್ತಾಗುತ್ತದೆ. ಹಿಂದಿನ ಕಂಪನಿಯಲ್ಲಿ ಒಂದು ಬ್ಯಾಚ್ ಮುಗಿಯಿತು ಅಂದರೆ ಕಾಸ್ಟಿಕ್ ಹಾಕಿ ತೊಳಿ, 121 ಡಿಗ್ರಿ ಸ್ಟೀಮ್ ಬಿಡು, ಸ್ವಾಬ್ ರಿಪೋರ್ಟ್ ಬರುವವರೆಗೆ ಕಾಯಿ. ಸಿಂಗಲ್-ಯೂಸ್ ಬಯೋರಿಯಾಕ್ಟರ್‌ನಲ್ಲಿ ಇದ್ಯಾವುದೂ ಇಲ್ಲ. ಬ್ಯಾಗ್ ಗಾಮಾ ಕಿರಣ ಹಾಯಿಸಿಕೊಂಡು ಸ್ಟೆರೈಲ್ ಆಗಿಯೇ ಬರುತ್ತದೆ. ಈಗ ನಾವಿರುವುದು ಚಿಕ್ಕ ತಂಡ, ಸ್ಟೀಮ್ ಲೈನ್ ಹಾಕಿಸುವ ದುಡ್ಡೂ ಇಲ್ಲ, ಅದನ್ನು ವ್ಯಾಲಿಡೇಟ್ ಮಾಡಲು ಜನರೂ ಇಲ್ಲ.

ಬ್ಯಾಗ್ ಕೂರಿಸುವ ಕೆಲಸ ನನಗೆ ನಿಜಕ್ಕೂ ಇಷ್ಟ. ಹೊರಗಿನ ಕವರ್ ಕತ್ತರಿಸಿ, ಒಳಗಿನದನ್ನು ಮೆಲ್ಲಗೆ ಬಿಡಿಸಿ, ಇಂಪೆಲ್ಲರ್ (ಕಲಕುವ ರೆಕ್ಕೆ) ಡ್ರೈವ್‌ಗೆ ಸರಿಯಾಗಿ ಕೂತಿತಾ ಅಂತ ಕೈಯಿಂದಲೇ ತಿರುಗಿಸಿ ನೋಡುತ್ತೇನೆ. ಆಮೇಲೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತಾ, ಬೆಡ್‌ಶೀಟ್ ಹಾಸಿದ ಹಾಗೆ ಅಂಗೈಯಿಂದ ಸುಕ್ಕು ನೇವರಿಸುವುದು. ಕೆಳಗಿನ ಮೂಲೆ ಮುಖ್ಯ. ಅಲ್ಲಿ ಮಡಿಕೆ ಉಳಿದರೆ ಫಿಲ್ಮ್ ಬಿಸಿ ಕೊಡುವ ಹೊರಗಿನ ಜಾಕೆಟ್‌ಗೆ ಅಂಟುವುದಿಲ್ಲ, ಬಿಸಿ ಸರಿಯಾಗಿ ತಲುಪುವುದಿಲ್ಲ. ಕೊನೆಗೆ ಪ್ರೆಶರ್ ಹಿಡಿದು ನಿಲ್ಲುತ್ತದಾ ಅಂತ ಪರೀಕ್ಷೆ. ಅದು ಪಾಸಾದರೆ ನಿಶ್ಚಿಂತೆಯಿಂದ ಮೀಡಿಯಾ (ಸೆಲ್ ಬೆಳೆಯುವ ಪೋಷಕ ದ್ರವ) ತುಂಬಬಹುದು.

ಫೆಡ್-ಬ್ಯಾಚ್ (ಹಳೆಯ ಮೀಡಿಯಾ ತೆಗೆಯದೆ ಪೋಷಕಾಂಶ ಮಾತ್ರ ಸೇರಿಸುತ್ತಾ ಹೋಗುವ ವಿಧಾನ) ಮಾಡುವವರು ಇಲ್ಲಿಗೇ ಓದು ನಿಲ್ಲಿಸಿ ಆರ್ಡರ್ ಮಾಡಬಹುದು. ನಾವು ಮಾಡುವುದು ಪರ್ಫ್ಯೂಷನ್. ಪಕ್ಕದಲ್ಲಿ ಎಟಿಎಫ್ (ಸೆಲ್ ತಡೆದು ದ್ರವ ಮಾತ್ರ ಹೊರಬಿಡುವ, ಪಂಪ್ ಇರುವ ಫಿಲ್ಟರ್) ಉಸಿರಾಡುತ್ತಿರುತ್ತದೆ, ಹಳೆಯ ಮೀಡಿಯಾ ಹೊರಗೆ, ಹೊಸದು ಒಳಗೆ, ಸಿಎಚ್‌ಓ (ಚೈನೀಸ್ ಹ್ಯಾಮ್‌ಸ್ಟರ್ ಅಂಡಾಶಯದ) ಸೆಲ್‌ಗಳು ಮಾತ್ರ ಅಲ್ಲೇ ಉಳಿದು ಮಿಲಿಲೀಟರಿಗೆ 5 ಕೋಟಿ ದಾಟುತ್ತವೆ. ಕಿರಿಕಿರಿ ಶುರುವಾಗುವುದೇ ಆಗ.

ಅಷ್ಟು ಸೆಲ್‌ಗಳಿಗೆ ಆಕ್ಸಿಜನ್ ಜಾಸ್ತಿ ಬೇಕು. ಸಣ್ಣ ಗುಳ್ಳೆ ಬಿಟ್ಟರೆ ಆಕ್ಸಿಜನ್ ಚೆನ್ನಾಗಿ ಕರಗುತ್ತದೆ, ಆದರೆ ನೊರೆ ಏಳುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ಅದನ್ನು ಓಡಿಸಲು ದೊಡ್ಡ ಗುಳ್ಳೆ ಬಿಡಬೇಕು, ಅಂದರೆ ಇನ್ನೂ ಗ್ಯಾಸ್. ಇಷ್ಟೂ ಗ್ಯಾಸ್ 37 ಡಿಗ್ರಿಯ ತೇವ ಹೊತ್ತುಕೊಂಡು ಮೇಲಿರುವ 0.2 ಮೈಕ್ರಾನ್ ಎಕ್ಸಾಸ್ಟ್ ಫಿಲ್ಟರ್ ಮೂಲಕವೇ ಹೋಗಬೇಕು. ದಾರಿಯಲ್ಲಿ ತಣ್ಣಗಾಗಿ ನೀರಾಗುತ್ತದೆ, ಫಿಲ್ಟರ್ ಒದ್ದೆಯಾಗುತ್ತದೆ. ನೊರೆ ತಗ್ಗಿಸಲು ಆಂಟಿಫೋಮ್ ಹಾಕಿದರೆ ಅದೂ ಹನಿಗಳ ಜೊತೆ ಏರಿ ಫಿಲ್ಟರ್ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ. ಸ್ಟೀಲ್ ಟ್ಯಾಂಕ್ ಆಗಿದ್ದರೆ ಸ್ವಲ್ಪ ಪ್ರೆಶರ್ ತಡೆದುಕೊಳ್ಳುತ್ತಿತ್ತು. ಬ್ಯಾಗ್ ತಡೆಯುವುದು ಹತ್ತಾರು ಮಿಲಿಬಾರ್ ಅಷ್ಟೇ. ಮಿತಿ ಮುಟ್ಟಿದ ಕೂಡಲೇ ಇಂಟರ್‌ಲಾಕ್ ಅನ್ನುವ ಸುರಕ್ಷತಾ ವ್ಯವಸ್ಥೆ ಗ್ಯಾಸ್ ನಿಲ್ಲಿಸುತ್ತದೆ. ಬ್ಯಾಗ್ ಒಡೆಯದಿರಲು ಅದು ಬೇಕು, ಸರಿ. ಆದರೆ ಆ ಸಾಂದ್ರತೆಯಲ್ಲಿ ದ್ರವದಲ್ಲಿ ಕರಗಿದ ಆಕ್ಸಿಜನ್ ಖಾಲಿಯಾಗಲು ಒಂದು ನಿಮಿಷವೂ ಬೇಕಾಗುವುದಿಲ್ಲ! ಅಲಾರಂ ಕೇಳಿ ಗೌನ್ ಹಾಕಿಕೊಂಡು ಒಳಗೆ ಓಡುವಷ್ಟರಲ್ಲಿ ಡಿಓ (ಕರಗಿದ ಆಕ್ಸಿಜನ್ ಮಟ್ಟ) ನೆಲ ಕಚ್ಚಿರುತ್ತದೆ.

ಮಾರಾಟ ಮಾಡಿದವರಿಗೆ ಫೋನ್ ಮಾಡಿದರೆ "ಗ್ಯಾಸ್ ಫ್ಲೋ ಕಡಿಮೆ ಮಾಡಿ" ಅಂದರು. ಹೆಚ್ಚು ಸಾಂದ್ರತೆಗೆ ಅಂತ ಹೇಳಿಯೇ ಮಾರಿದ್ದಲ್ವಾ? ಫಿಲ್ಟರ್ ಹೀಟರ್ ಕೊಂಡೆವು, ಕಂಡೆನ್ಸರ್ ಹಾಕಿದೆವು, ಎರಡರದ್ದೂ ಬೇರೆ ಬೇರೆ ಬಿಲ್. ನಿಜವಾಗಿ ಕೆಲಸಕ್ಕೆ ಬಂದದ್ದು ಎರಡನೇ ಫಿಲ್ಟರ್. ಕ್ಲ್ಯಾಂಪ್ ಹಾಕಿದ ಕವಲಿನಲ್ಲಿ ಅದು ಸುಮ್ನೆ ಕಾಯುತ್ತಿರುತ್ತದೆ, ಮೊದಲನೆಯದರ ಪ್ರೆಶರ್ ಏರತೊಡಗಿದರೆ ಕ್ಲ್ಯಾಂಪ್ ತೆಗೆದರಾಯಿತು. ಆದರೆ ಅಂಥ ಬ್ಯಾಗ್ ಸ್ಟಾಕ್‌ನಲ್ಲಿ ಇರುವುದಿಲ್ಲ. ಡ್ರಾಯಿಂಗ್ ಒಪ್ಪಿಸಿ, ಮಾಡಿಸಿಕೊಂಡು, ತಿಂಗಳುಗಟ್ಟಲೆ ಕಾಯಬೇಕು.

ಬೆಳಕಿನಿಂದ ಪಿಎಚ್ ಅಳೆಯುವ ಆಪ್ಟಿಕಲ್ ಸ್ಪಾಟ್ (ಸೆನ್ಸರ್) ಬಗ್ಗೆಯೂ ಒಂದು ಮಾತು. ದಿನ ಕಳೆದಂತೆ ಅದರ ರೀಡಿಂಗ್ ಜಾರುತ್ತದೆ, ಬೆಳಗಿನ ಸ್ಯಾಂಪಲ್ ಜೊತೆ ಹೋಲಿಸಿ ಸರಿಮಾಡಿಕೊಳ್ಳಬೇಕು. ಕಾಫಿಗೆ ಮುಂಚೆ ಅದೇ ನನ್ನ ಮೊದಲ ಕೆಲಸ, ಬೇಜಾರಿಲ್ಲ.

ಇಷ್ಟೆಲ್ಲ ಬೈದರೂ ಸ್ಟೀಲ್‌ಗೆ ವಾಪಸ್ ಹೋಗುವ ಮನಸ್ಸಿಲ್ಲ. ಐದರಲ್ಲಿ ಮೂರೂವರೆ ಕೊಡುತ್ತೇನೆ, ಎರಡು ಫಿಲ್ಟರಿನ ಬ್ಯಾಗ್ ಆದರೆ ನಾಲ್ಕು. ಪರ್ಫ್ಯೂಷನ್‌ಗೆ ಕೊಳ್ಳುವವರು ಡೆಮೋದಲ್ಲಿ ಇಂಪೆಲ್ಲರ್ ವೇಗ ಕೇಳುವ ಬದಲು, ಪೂರ್ತಿ ಗ್ಯಾಸ್ ಬಿಟ್ಟು, ಆಂಟಿಫೋಮ್ ಹಾಕಿ, ಎಕ್ಸಾಸ್ಟ್ ಫಿಲ್ಟರ್ ಎಷ್ಟು ದಿನ ತಡೆಯಿತು ಅನ್ನುವ ಡೇಟಾ ತೋರಿಸಿ ಅಂತ ಕೇಳಿ.