ನೀರು, ಸಾಬೂನು, ವಾಶ್, ವೈಪ್ಸ್: ಮುಂಬಯಿ ಸೆಕೆಯಲ್ಲಿ ಒಂದೊಂದೂ ಹೇಗೆ ನಡೆಯಿತು

ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ಒಂದು ಮೆಡಿಕಲ್ ಅಂಗಡಿಗೆ ಹೋಗಿ ನಿಂತರೆ ಹೆಂಗಸರ 'ಆ ಜಾಗ'ಕ್ಕೆಂದೇ ಬಾಟಲಿಗಳ ಸಾಲು ಕಾಣುತ್ತದೆ. ನೊರೆ ಬರುವುದು, ತಂಪು ಮಾಡುವುದು, ಬೆಳ್ಳಗೆ ಮಾಡುವುದು, ಪರ್ಸಿನಲ್ಲಿ ಇಟ್ಟುಕೊಳ್ಳುವ ವೈಪ್ಸ್. ಮನೆಗೆ ಬಂದರೆ ಅಜ್ಜಿ ಕಡಲೆಹಿಟ್ಟು ಅನ್ನುತ್ತಾರೆ, ಅತ್ತೆ ಪಟಿಕದ ನೀರು ಅನ್ನುತ್ತಾರೆ, ಡಾಕ್ಟರಮ್ಮ ಬರೀ ನೀರು ಸಾಕಮ್ಮ ಅನ್ನುತ್ತಾರೆ. ಅಂಗಡಿಯ ಸರಕನ್ನು ಒಂದೊಂದಾಗಿ ಒಂದು ಮುಟ್ಟಿನಿಂದ ಮುಂದಿನ ಮುಟ್ಟಿನವರೆಗೆ ಬಳಸಿ, ನಡುವೆ ಒಂದು ವಾರ ಬರೀ ನೀರಿಗೆ ಬಿಟ್ಟು ನೋಡಿದ ಹೋಲಿಕೆ ಇದು. ಪರೀಕ್ಷೆ ನಾಲ್ಕೇ. ಸಂಜೆ ಲೋಕಲ್ ಇಳಿದು ಮನೆ ಸೇರುವ ಹೊತ್ತಿಗೆ ವಾಸನೆ ಹೇಗಿದೆ, ನವೆ ಇದೆಯಾ, ಚರ್ಮ ಬಿಗಿದಿದೆಯಾ, ಮೂತ್ರ ಮಾಡಿದಾಗ ಚುರ್ ಅನ್ನುತ್ತದಾ.

ಮೊದಲು ತೊಳೆಯುವ ಜಾಗ ಯಾವುದು ಎಂಬುದು ಸ್ಪಷ್ಟವಾಗಲಿ, ಅರ್ಧ ತಪ್ಪು ಇಲ್ಲೇ ಆಗುವುದು. ಹೊರಗೆ ಕಾಣುವ ಭಾಗಕ್ಕೆ, ಅಂದರೆ ಕೂದಲಿರುವ ದಿಬ್ಬ, ಹೊರ ತುಟಿ, ಒಳ ತುಟಿ, ಮೂತ್ರದ್ವಾರದ ಸುತ್ತ, ಇಷ್ಟಕ್ಕೂ ಡಾಕ್ಟರರು ವಲ್ವಾ ಅನ್ನುತ್ತಾರೆ. ಯೋನಿ ಒಳಗಿನ ದಾರಿ. ಒಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಸಿಡ್ ತಯಾರಿಸುತ್ತಾ ಇರುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ ಅಲ್ಲಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 3.8ರಿಂದ 4.5, ತೆಳು ಮಜ್ಜಿಗೆಯಷ್ಟು ಹುಳಿ. ಬೇಡದ ಬ್ಯಾಕ್ಟೀರಿಯಾ ಬೆಳೆಯದಂತೆ ಕಾಯುವುದು ಆ ಹುಳಿಯೇ. ಒಳಗೆ ಬೆರಳು ಹಾಕಿ, ಪೈಪು ಹಿಡಿದು, ಬಾಟಲಿಯ ನೀರು ಚಿಮ್ಮಿಸಿ ತೊಳೆದರೆ ಆ ಕಾವಲು ಕೊಚ್ಚಿಹೋಗುತ್ತದೆ. ಹಾಗಾಗಿ ಈ ಹೋಲಿಕೆಯಲ್ಲಿ ಒಳಗೆ ಹೋದದ್ದು ಏನೂ ಇಲ್ಲ.

ಬರೀ ನೀರು. ಬೇಕಾದದ್ದು ಒಂದು ಚೊಂಬು ಉಗುರುಬೆಚ್ಚಗಿನ ನೀರು, ಸ್ವಚ್ಛ ಕೈ. ಉಜ್ಜುವ ನಾರು, ಲೂಫಾ ಬೇಡ. ಕುಕ್ಕರುಗಾಲಲ್ಲಿ ಕೂತು ನೀರು ಬಿಡುತ್ತಾ ಹೊರ ತುಟಿಗಳನ್ನು ಎರಡು ಬೆರಳಲ್ಲಿ ಬಿಡಿಸಿ, ಒಳ ಮಡಿಕೆಯ ಉದ್ದಕ್ಕೂ ಬೆರಳ ತುದಿ ಮೆಲ್ಲಗೆ ಓಡಿಸಬೇಕು. ಚಂದ್ರನಾಡಿಯ (ಕ್ಲಿಟೋರಿಸ್) ಮೇಲಿನ ಚರ್ಮದ ಮಡಿಕೆಯಲ್ಲಿ ಬೆಣ್ಣೆಯಂಥ ಬಿಳಿ ಪದಾರ್ಥ ಕೂತಿರುತ್ತದೆ. ಎಣ್ಣೆ, ಬೆವರು, ಉದುರಿದ ಚರ್ಮ ಸೇರಿ ಆಗುವ ಅದನ್ನು ಕಾಯಿಲೆ ಅಂದುಕೊಂಡು ಹೆದರುವ ಹುಡುಗಿಯರು ಬಹಳ. ನೀರಿನಲ್ಲೇ ಹೋಗುತ್ತದೆ, ಒಂದೇ ದಿನ ಪೂರ್ತಿ ಕೆರೆದು ತೆಗೆಯಬೇಕಿಲ್ಲ. ಕೊನೆಗೆ ಗುದದ್ವಾರ. ಮುಂದಿನಿಂದ ಹಿಂದಕ್ಕೆ ಹೋದ ಕೈ ತಿರುಗಿ ಮುಂದೆ ಬರಬಾರದು, ಯಾಕೆಂದರೆ ಕರುಳಿನ ಇ ಕೋಲಿ ಬ್ಯಾಕ್ಟೀರಿಯಾ ಮೂತ್ರದ್ವಾರ ಮುಟ್ಟುವುದು ಹೀಗೆಯೇ. ಇಲ್ಲಿಯ ಫ್ಲ್ಯಾಟುಗಳ ಜೆಟ್ ಸ್ಪ್ರೇ ಬಗ್ಗೆ ಒಂದು ಮಾತು: ಹಿಂದಿನಿಂದ ಮುಂದಕ್ಕೆ ಜೋರಾಗಿ ಬಿಟ್ಟರೆ ಹೊಲಸನ್ನು ತಾನೇ ಮುಂದಕ್ಕೆ ತಳ್ಳುತ್ತದೆ. ಮುಂದಿನಿಂದ ಹಿಡಿದು, ಒತ್ತಡ ಕಮ್ಮಿ ಮಾಡಿ ಬಿಡಬೇಕು. ಈ ಕೆಲಸಕ್ಕೆ ಚಾಳಿನ ಹಳೆಯ ಟಮ್ರೇಲ್, ಅಂದರೆ ಶೌಚದ ಚೊಂಬು, ಎಷ್ಟೋ ವಾಸಿ.

ಫಲಿತಾಂಶ: ನವೆ ಇಲ್ಲ, ಉರಿ ಇಲ್ಲ, ಬಿಗಿತ ಇಲ್ಲ. ಸಂಜೆಗೆ ಬೆವರಿನ ವಾಸನೆ ಇತ್ತು, ಆದರೆ ಅದು ಬರುತ್ತಿದ್ದದ್ದು ತೊಡೆಸಂದಿನಿಂದ ಮತ್ತು ಕೂದಲಿನ ಜಾಗದಿಂದ. ಮುಂದಿನ ಸ್ಪರ್ಧಿಗಳನ್ನು ಎಲ್ಲಿಗೆ ಬಳಸಬೇಕು ಎಂಬುದನ್ನು ತೀರ್ಮಾನಿಸಿದ್ದು ಇದೇ.

ಮೈಸಾಬೂನು. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10. ಒಳ ತುಟಿಯ ಚರ್ಮ ಕೈಕಾಲಿನ ಚರ್ಮದ ಹಾಗಲ್ಲ, ಬಾಯಿಯ ಒಳಗಿನ ಚರ್ಮಕ್ಕೆ ಹತ್ತಿರ. ಅಲ್ಲಿಗೆ ದಿನಾ ಸಾಬೂನು ಹಚ್ಚಿದರೆ ಮೊದಲೆರಡು ದಿನ 'ಕ್ಲೀನ್' ಅನ್ನಿಸುತ್ತದೆ, ಆ ಕಿರುಕು ಅನ್ನುವ ಹಿತ ಎಣ್ಣೆಯೆಲ್ಲ ಹೋದ ಗುರುತು. ನಾಲ್ಕೈದನೆಯ ದಿನಕ್ಕೆ ಬಿಗಿತ ಶುರು, ಬೆವರು ತಾಗಿದರೆ ಉರಿ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಿನ ಸೊಸೈಟಿಗಳಲ್ಲಿ ಇನ್ನೂ ಕಷ್ಟ. ಗಡಸು ನೀರಲ್ಲಿ ಸಾಬೂನು ಜಿಡ್ಡಾಗಿ ಮಡಿಕೆಯಲ್ಲಿ ಉಳಿಯುತ್ತದೆ, ಉಳಿದದ್ದು ದಿನವಿಡೀ ಕಚ್ಚುತ್ತದೆ. ಆದರೆ ಅದೇ ಸಾಬೂನು ತೊಡೆಸಂದಿಗೆ, ಕೂದಲಿನ ದಿಬ್ಬಕ್ಕೆ, ಪೃಷ್ಠಕ್ಕೆ ಚೆನ್ನಾಗಿ ಕೆಲಸ ಮಾಡಿತು. ಬರೀ ನೀರು ಬಿಟ್ಟ ಬೆವರಿನ ವಾಸನೆ ಹೋಯಿತು. ಜಾಗ ತಪ್ಪಿದರಷ್ಟೇ ಸಾಬೂನಿನಿಂದ ತೊಂದರೆ.

ಇಂಟಿಮೇಟ್ ವಾಶ್. ಎಲ್ಲರೂ ಕೇಳುವುದು ಇದನ್ನೇ. ಬಾಟಲಿಯ ಮೇಲೆ 'ಪಿಎಚ್ ಸಮತೋಲನ', ಒಳಗೆ ಲ್ಯಾಕ್ಟಿಕ್ ಆಸಿಡ್. ಸಾಬೂನಿನಷ್ಟು ಕ್ಷಾರ ಅಲ್ಲ, ಆ ಮಟ್ಟಿಗೆ ನಿಜಕ್ಕೂ ಮೆತ್ತಗೆ. ಆದರೆ ಹಿಂದಿನ ಚೀಟಿ ಓದಿದರೆ ಹಲವು ಬಾಟಲಿಗಳಲ್ಲಿ ನೊರೆಗೆ ಅದೇ ಶಾಂಪೂವಿನ ಸೋಡಿಯಂ ಲಾರೆತ್ ಸಲ್ಫೇಟ್, ಜೊತೆಗೆ ಪರಿಮಳ. ನವೆ ತಂದದ್ದು ಪರಿಮಳದ ಬಾಟಲಿ, ಪರಿಮಳವಿಲ್ಲದ್ದು ತೊಂದರೆ ಕೊಡಲಿಲ್ಲ. ಕಾಲು ಚಮಚದಷ್ಟನ್ನು ಅಂಗೈಯಲ್ಲಿ ನೀರು ಹಾಕಿ ನೊರೆ ಮಾಡಿಕೊಂಡು, ಹೊರಗೆ ಮಾತ್ರ ಹಚ್ಚಿ, ಅರ್ಧ ನಿಮಿಷದೊಳಗೆ ತೊಳೆದುಬಿಡಬೇಕು. ನೇರ ಬಾಟಲಿಯಿಂದ ಸುರಿದುಕೊಂಡರೆ ಎರಡು ಚೊಂಬು ನೀರು ಹಾಕಿದರೂ ಜಾರು ಹೋಗುವುದಿಲ್ಲ. ದಿನಕ್ಕೆರಡು ಸಲ ಅಂತ ಬರೆದಿದ್ದರೆ ಅದು ಬಾಟಲಿ ಬೇಗ ಮುಗಿಯಲಿ ಅಂತ.

ಬರೀ ನೀರಿಗೆ ಹೋಲಿಸಿದರೆ ಇದು ಗೆದ್ದದ್ದು ಒಂದೇ ಕಡೆ, ಮುಟ್ಟಿನ ಎರಡನೆಯ ಮೂರನೆಯ ದಿನ ಕೂದಲಿನಲ್ಲಿ ಒಣಗಿ ಅಂಟಿದ ರಕ್ತ ಬಿಡಿಸುವಾಗ. ಉಳಿದ ದಿನ ವ್ಯತ್ಯಾಸ ಕಾಣಲಿಲ್ಲ. ಇನ್ನು 'ಒಳಗಿನ ಪಿಎಚ್ ಕಾಪಾಡುತ್ತದೆ' ಎಂಬ ಮಾತು. ಹೊರಗೆ ಹಚ್ಚಿ ತೊಳೆದದ್ದು ಒಳಗಿನ ಹುಳಿಯನ್ನು ಹೇಗೆ ಕಾಪಾಡೀತು? ಒಳಗೇ ಹಾಕಿದರೆ ಕೆಡುವುದು ಅದೇ ಹುಳಿ. ಪರಿಮಳದಿಂದ ಇನ್ನೊಂದು ಅಪಾಯವಿದೆ. ಮೀನಿನಂಥ ವಾಸನೆ ಶುರುವಾದರೆ ಅದು ಒಳಗಿನ ಬ್ಯಾಕ್ಟೀರಿಯಾ ಏರುಪೇರಾದ ಸೂಚನೆ, ಅದನ್ನು ಗುಲಾಬಿಯಿಂದ ಮುಚ್ಚಿದರೆ ಡಾಕ್ಟರ ಹತ್ತಿರ ಹೋಗುವುದು ಒಂದು ತಿಂಗಳು ತಡ. 'ಬೆಳ್ಳಗೆ ಮಾಡುವ' ಬಾಟಲಿಯನ್ನು ಪರೀಕ್ಷೆಗೇ ತೆಗೆದುಕೊಳ್ಳಲಿಲ್ಲ. ಆ ಜಾಗ ಮೈಬಣ್ಣಕ್ಕಿಂತ ಕಪ್ಪಗಿರುವುದೇ ಸಹಜ.

ಇದರ ಪಕ್ಕದಲ್ಲೇ ಇಡಬೇಕಾದದ್ದು ಪಿಎಚ್ 5.5 ಎಂದು ಬರೆದ, ಪರಿಮಳವಿಲ್ಲದ ಸಿಂಡೆಟ್ ಬಾರ್ (ಸಾಬೂನಿನಂತೆ ಕಂಡರೂ ಸಾಬೂನಲ್ಲದ ಬಿಲ್ಲೆ), ಚರ್ಮದ ಡಾಕ್ಟರರು ಒಣಚರ್ಮಕ್ಕೆ ಬರೆದುಕೊಡುವಂಥದ್ದು. ಹೊರ ತುಟಿ, ತೊಡೆಸಂದು, ಇಡೀ ಮೈ, ಎಲ್ಲಕ್ಕೂ ಒಂದೇ. ವಾಶ್ ಮಾಡಿದ ಕೆಲಸವನ್ನೆಲ್ಲ ಇದು ಮಾಡಿತು. ಏನಾದರೂ ಹಚ್ಚಲೇಬೇಕು ಅನ್ನುವವರಿಗೆ ನಮ್ಮ ಆಯ್ಕೆ ಇದು.

ವೈಪ್ಸ್ ಸೋತಿತು. ಕೆಡದಂತೆ ಹಾಕಿದ ರಾಸಾಯನಿಕ ತೊಳೆಯದೆ ಚರ್ಮದ ಮೇಲೇ ಉಳಿಯುತ್ತದೆ, ಕೆಲವರಿಗೆ ಅದರಿಂದಲೇ ದದ್ದು. ಸ್ಟೇಷನ್ನಿನ ಶೌಚಾಲಯದಲ್ಲಿ ನೀರಿಲ್ಲದಾಗ ಕುಡಿಯುವ ನೀರಿನ ಬಾಟಲಿಯಿಂದ ಒದ್ದೆ ಮಾಡಿದ ಬಿಳಿ ಟಿಶ್ಯೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಎರಡನ್ನೂ ಕಮೋಡಿಗೆ ಹಾಕಬೇಡಿ.

ಮನೆಮದ್ದುಗಳಲ್ಲಿ ಕಡಲೆಹಿಟ್ಟಿನ ಕಣ ಮಡಿಕೆಯಲ್ಲಿ ಕೂತು ಒಣಗಿ ಕೆರೆಯುತ್ತದೆ, ಪಟಿಕ ಒಣಗಿಸಿ ಬಿರುಕು ಬಿಡಿಸುತ್ತದೆ, ಅರಿಸಿನ ಚಡ್ಡಿ ಹಾಳು ಮಾಡುತ್ತದೆ. ಆಂಟಿಸೆಪ್ಟಿಕ್ ದ್ರಾವಣವನ್ನು ನಾಲ್ಕು ಹನಿ ಅಂತ ಸ್ನಾನದ ನೀರಿಗೆ ಹಾಕುವ ಅಭ್ಯಾಸ ಬಿಡಲೇಬೇಕು. ಅದು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಕೊಲ್ಲುತ್ತದೆ, ಅಳತೆ ಹೆಚ್ಚಾದರೆ ಚರ್ಮ ಸುಡುತ್ತದೆ.

ಇಷ್ಟೆಲ್ಲ ಆದ ಮೇಲೆ ಗೊತ್ತಾದ ಸಂಗತಿ ಬೇರೆಯೇ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಈ ಊರಿನಲ್ಲಿ ಏನು ಹಾಕಿ ತೊಳೆದಿರಿ ಎಂಬುದಕ್ಕಿಂತ ಎಷ್ಟು ಒಣಗಿಸಿದಿರಿ ಎಂಬುದೇ ನವೆಯನ್ನು ತೀರ್ಮಾನಿಸಿತು. ತೊಳೆದು ಒದ್ದೆಯಲ್ಲೇ ಚಡ್ಡಿ ಏರಿಸಿ, ಮೇಲೆ ಬಿಗಿ ಲೆಗ್ಗಿಂಗ್ಸ್ ಹಾಕಿ ಒಂದೂವರೆ ಗಂಟೆ ಲೋಕಲಿನಲ್ಲಿ ನಿಂತರೆ ಯಾವ ಬಾಟಲಿಯೂ ಕಾಪಾಡಲಿಲ್ಲ. ಸ್ನಾನದ ಟವೆಲ್ ಬಿಟ್ಟು ಬೇರೆಯೇ ಒಂದು ಮೆತ್ತನೆಯ ಹತ್ತಿ ಬಟ್ಟೆ ಇಟ್ಟುಕೊಂಡು, ಉಜ್ಜದೆ ಒತ್ತಿ ಒಣಗಿಸಿ, ತೊಡೆಸಂದಿನ ಗೆರೆಯಲ್ಲೂ ಒತ್ತಿ, ಎರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಚಡ್ಡಿ ಹಾಕಿದ ದಿನಗಳಲ್ಲಿ ಬರೀ ನೀರೂ ಬಾಟಲಿಯೂ ಸಮಸಮ.

ಬಟ್ಟೆಯಲ್ಲೂ ಪೈಪೋಟಿ ಇದೆ. ನೈಲಾನ್ ಲೇಸಿನ ಚಡ್ಡಿ ಬೇಗ ಒಣಗುತ್ತದೆ, ಆದರೆ ಬೆವರು ಹೀರುವುದಿಲ್ಲ, ಚರ್ಮದ ಮೇಲೇ ಉಳಿಸುತ್ತದೆ. ಹತ್ತಿ ಹೀರುತ್ತದೆ, ಆದರೆ ಹೀರಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಎಂದರೆ ಮಂತ್ರದಂಡ ಅಂದುಕೊಂಡವರು ಇದನ್ನು ಮರೆಯುತ್ತಾರೆ. ಬೆಳಿಗ್ಗೆ ಆರೂವರೆಗೆ ಹಾಕಿದ ಹತ್ತಿ ಚಡ್ಡಿ ಮಧ್ಯಾಹ್ನಕ್ಕೆ ಒದ್ದೆ ಬಟ್ಟೆಯೇ. ಪರ್ಸಿನಲ್ಲಿ ಇನ್ನೊಂದು ಇಟ್ಟು ಆಫೀಸು ಮುಟ್ಟಿದ ಮೇಲೆ ಬದಲಿಸಿದರೆ ಹತ್ತಿ ಗೆಲ್ಲುತ್ತದೆ. ಬದಲಿಸದಿದ್ದರೆ ಎರಡೂ ಸೋಲುತ್ತವೆ. ಒಂದು ಬಾಟಲಿಯ ದುಡ್ಡನ್ನು ಎರಡು ಚಡ್ಡಿಗೆ ಹಾಕಿ ಎಂಬ ಸಲಹೆ ಇಲ್ಲಿಂದಲೇ. ದಿನಾ ಪ್ಯಾಂಟಿ ಲೈನರ್ ಇಡುವುದು ಬದಲಿಸುವುದಕ್ಕೆ ಸಮ ಅಲ್ಲ, ಅದರ ಅಡಿಯ ಪ್ಲಾಸ್ಟಿಕ್ ಪದರ ಗಾಳಿ ಕಟ್ಟುತ್ತದೆ. ರಾತ್ರಿ ಸಡಿಲ ಪೆಟಿಕೋಟು ಅಥವಾ ನೈಟಿ, ಒಳಗೆ ಏನೂ ಬೇಡ.

ಮಳೆಗಾಲದಲ್ಲಿ ಒನ್ ರೂಮ್ ಕಿಚನ್ನಿನ ಹಗ್ಗದ ಮೇಲೆ ಚಡ್ಡಿ ಎರಡು ದಿನವಾದರೂ ಒಣಗುವುದಿಲ್ಲ. ನಾಚಿಕೆಗೆ ದುಪಟ್ಟಾದ ಅಡಿ ಬಚ್ಚಿಟ್ಟು ಹಾಕಿದರಂತೂ ಮುಗ್ಗು ವಾಸನೆ ಖಾತ್ರಿ. ಮೇಲೆ, ಫ್ಯಾನಿನ ಕೆಳಗೆ, ಒಂಟಿ ಪದರದಲ್ಲಿ ಹಾಕಿ. ಹಾಕಿಕೊಳ್ಳುವ ಮುಂಚೆ ಒಳಮಗ್ಗುಲು ತಿರುಗಿಸಿ ನಡುವಿನ ಪಟ್ಟಿಗೆ ಬಿಸಿ ಇಸ್ತ್ರಿ ಒತ್ತಿ, ಹಬೆ ಏಳುವುದು ನಿಲ್ಲುವವರೆಗೆ. ಡಿಟರ್ಜೆಂಟ್ ಪುಡಿಯಲ್ಲಿ ತೊಳೆದರೆ ಎರಡು ಸಲ ಜಾಲಾಡಬೇಕು. ಕಾರಣವಿಲ್ಲದ ಎಷ್ಟೋ ನವೆ ಆ ಪಟ್ಟಿಯಲ್ಲಿ ಉಳಿದ ಪುಡಿಯದ್ದು.

ಕೂದಲ ವಿಷಯ ಚಿಕ್ಕದು. ತೆಗೆಯಲೇಬೇಕೆಂದಿಲ್ಲ, ಅದು ತಿಕ್ಕಾಟ ತಡೆಯುತ್ತದೆ. ಕತ್ತರಿಯಲ್ಲಿ ಅರ್ಧ ಸೆಂಟಿಮೀಟರಿಗೆ ಕಿರಿದು ಮಾಡಿದ್ದು ಯಾವ ತೊಂದರೆಯೂ ಕೊಡಲಿಲ್ಲ. ರೇಜರು ಮೂರನೆಯ ದಿನ ಕೀವುಗುಳ್ಳೆ ಮತ್ತು ಒಳಬೆಳೆದ ಕೂದಲು ಕೊಟ್ಟಿತು. ಕೂದಲು ತೆಗೆಯುವ ಕ್ರೀಮನ್ನು ಒಳ ತುಟಿಗೆ ತಾಗಿಸಲೇಬಾರದು, ಸುಡುತ್ತದೆ.

ಹುಡುಗಿಯರಿಗೆ ತಾಯಂದಿರು ಹೇಳಬೇಕಾದ ಒಂದು ಗುರುತಿದೆ. ಕಪ್ಪು ಚಡ್ಡಿಯ ನಡುಪಟ್ಟಿ ಕೆಲವು ತಿಂಗಳಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಚಿಕೊಳ್ಳುತ್ತದೆ. ಬ್ಲೀಚ್ ಬಿದ್ದಿದೆಯೇನೋ ಅನ್ನಿಸುವ ಆ ಕಲೆ ಒಳಗಿನ ಹುಳಿ ಬಟ್ಟೆಯ ಬಣ್ಣ ತಿಂದದ್ದು, ಅದು ಸಹಜ. ಮೊದಲ ಮುಟ್ಟಿಗೆ ಆರು ತಿಂಗಳೋ ವರ್ಷವೋ ಮುಂಚೆಯೇ ಬಿಳುಪು, ಅಂದರೆ ಯೋನಿಯಿಂದ ಬರುವ ಬಿಳಿ ದ್ರವ, ಹೋಗಲು ಶುರುವಾಗುತ್ತದೆ. ತಿಂಗಳ ನಡುವೆ ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗಿ, ಮುಟ್ಟು ಹತ್ತಿರವಾದಾಗ ಗಟ್ಟಿಯಾಗಿ, ಒಣಗಿದ ಮೇಲೆ ತುಸು ಹಳದಿಯಾಗಿ ಕಾಣುವುದು ಸಹಜ. ಬಿಳಿಸೆರಗಿನಲ್ಲಿ ಮೈಯ ಶಕ್ತಿ, ಸುಣ್ಣ ಎಲ್ಲ ಸೋರಿಹೋಗುತ್ತದೆ ಎಂಬುದು ಸುಳ್ಳು.

ಸಹಜವಲ್ಲದ್ದು ಹೀಗಿರುತ್ತದೆ. ಒಡೆದ ಮೊಸರಿನಂಥ ಬಿಳುಪು ಮತ್ತು ತಡೆಯಲಾರದ ನವೆ ಇದ್ದರೆ ಬಹುಪಾಲು ಕ್ಯಾಂಡಿಡಾ ಫಂಗಸ್. ತೆಳುವಾಗಿ ಬೂದು ಬಣ್ಣದಲ್ಲಿ ಹೋಗಿ, ಕೂಡಿದ ಮೇಲೆ ಮೀನಿನ ವಾಸನೆ ಹೆಚ್ಚಾದರೆ ಬ್ಯಾಕ್ಟೀರಿಯಾದ ಏರುಪೇರು. ಹಸಿರು ಹಳದಿ ನೊರೆಯಾದರೆ ಕೂಡುವುದರಿಂದ ಹರಡುವ ಟ್ರೈಕೊಮೊನಾಸ್ ಸೋಂಕು ಇರಬಹುದು, ಗಂಡನಿಗೂ ಮದ್ದು ಬೇಕು. ಮುಟ್ಟು ನಿಂತವರಿಗೆ ಬಿಳಿ ಮಚ್ಚೆಯೊಂದಿಗೆ ನವೆ ಬಂದರೆ ಕಾಯದೆ ಡಾಕ್ಟರಿಗೆ ತೋರಿಸಬೇಕು, ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಅಷ್ಟೇ. ಫಂಗಸ್, ಬ್ಯಾಕ್ಟೀರಿಯಾದ ಏರುಪೇರು, ಟ್ರೈಕೊಮೊನಾಸ್ ಎಲ್ಲಕ್ಕೂ ಒಂದೇ ಮದ್ದು ನಡೆಯುವುದಿಲ್ಲ, ಆದರೆ ಮೆಡಿಕಲ್‌ನವನು ಕೊಡುವುದು ಹೆಚ್ಚಾಗಿ ಒಂದೇ ಟ್ಯೂಬು, ಫಂಗಸ್ ಮದ್ದು, ಆಂಟಿಬಯಾಟಿಕ್, ಸ್ಟೆರಾಯ್ಡ್ ಎಲ್ಲ ಕಲಸಿದ್ದು. ಸ್ಟೆರಾಯ್ಡಿನಿಂದ ನವೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಒಳಗೊಳಗೇ ಫಂಗಸ್ ಹರಡುತ್ತದೆ. ತೊಡೆಸಂದಿನ ಹುಳುಕಡ್ಡಿ ತಿಂಗಳುಗಟ್ಟಲೆ ಬಿಡದೆ ಕಾಡುವುದರ ಹಿಂದೆ ಬಹಳ ಸಲ ಇದೇ ಟ್ಯೂಬು.

ಹೆಂಗಸರ ಸರ್ಕಾರಿ ಆಸ್ಪತ್ರೆ ಬೇಕೆಂದರೆ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನ ಹತ್ತಿರ ಕಾಮಾ ಇದೆ. ಹೋಗುವ ಹಿಂದಿನ ಎರಡು ದಿನ ಒಳಗೆ ಏನೂ ತೊಳೆಯಬೇಡಿ, ಮಾತ್ರೆ ಇಡಬೇಡಿ, ಕ್ರೀಮು ಹಚ್ಚಬೇಡಿ, ಇಲ್ಲದಿದ್ದರೆ ಸ್ವಾಬಿನಲ್ಲಿ (ಪರೀಕ್ಷೆಗೆ ದ್ರವ ತೆಗೆಯುವ ಹತ್ತಿಕಡ್ಡಿ) ಏನೂ ಸಿಗದೆ ಹೋಗಬಹುದು. ಈವರೆಗೆ ಹಚ್ಚಿದ ಟ್ಯೂಬಿನ ಹೆಸರು ನೆನಪಿಟ್ಟು ಹೇಳುವ ಬದಲು ಟ್ಯೂಬನ್ನೇ ಪರ್ಸಿಗೆ ಹಾಕಿಕೊಂಡು ಹೋಗಿ.