ಆಡಿಯೋಗೆಂದೇ ಎಳೆಸಿದ ಪ್ರತ್ಯೇಕ ಲೈನ್: ಎರಡು ಮಳೆಗಾಲಗಳ ಬಳಕೆಯ ನಂತರ

ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ಹಾಲಿನ ಪ್ಲಗ್ಗುಗಳೂ ಫ್ರಿಜ್ಜೂ ಒಂದೇ ಸರ್ಕ್ಯೂಟಿನಲ್ಲಿದ್ದುದರಿಂದ, ಕಂಪ್ರೆಸರ್ ಚಾಲೂ ಆದಾಗಲೆಲ್ಲ ಸ್ಪೀಕರಿನಲ್ಲಿ ‘ಟಪ್’ ಎಂಬ ಸದ್ದು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಸದಾ ಇರುತ್ತಿದ್ದ ಗುಂಯ್‌ಗುಡುವಿಕೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅದೂ ಅದರ ಇಮ್ಮಡಿಯಾದ 100 ಹರ್ಟ್ಸೂ ತಂಬೂರಿಯ ಶ್ರುತಿಗೆ ಕೂಡದೆ, ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಬಿಡುವುಗಳಲ್ಲಿ ಬೇಡದ ಸ್ವರವಾಗಿ ನಿಲ್ಲುತ್ತಿದ್ದವು.

ಡಿಬಿಯಿಂದ, ಅಂದರೆ ಮನೆಯ ಕರೆಂಟು ಹಂಚುವ ಮುಖ್ಯ ಪೆಟ್ಟಿಗೆಯಿಂದ, ನೇರವಾಗಿ 4 ಚದರ ಮಿ.ಮೀ. ತಾಮ್ರದ ಫೇಸ್, ನ್ಯೂಟ್ರಲ್, ಅರ್ಥ್ ತಂತಿಗಳನ್ನು ಬೇರೆ ಪೈಪಿನಲ್ಲಿ ಎಳೆಸಿ, ‘ಸಿ’ ಮಾದರಿಯ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿದೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರ್ ಆನ್ ಆದ ಕ್ಷಣದಲ್ಲಿ ಎಳೆದುಕೊಳ್ಳುವ ಕರೆಂಟಿಗೆ ‘ಬಿ’ ಮಾದರಿಯದು ಸುಮ್ಮನೆ ಟ್ರಿಪ್ ಆಗುವ ಸಂಭವ ಹೆಚ್ಚು.

ಆಗಿನಿಂದ ರಾತ್ರಿ ಊಟವಾದ ಮೇಲೆ ಒಂದು ರೂಢಿ ಬೆಳೆದಿದೆ. ಫ್ಯಾನ್ ನಿಲ್ಲಿಸಿ, ಆಂಪ್ಲಿಫೈಯರ್ ಆನ್ ಮಾಡಿ, ಹಾಡು ಹಾಕುವ ಮುನ್ನ ಸ್ಪೀಕರಿಗೆ ಕಿವಿ ಹಚ್ಚುತ್ತೇನೆ. ಆಂಪ್ಲಿಫೈಯರಿನ ಸ್ವಂತದ ಸಣ್ಣ ‘ಸ್’ ಸದ್ದಿನ ಹೊರತು ಏನೂ ಕೇಳುವುದಿಲ್ಲ. ಆ ನಿಶ್ಶಬ್ದದಿಂದ ಮೊದಲ ಮೀಟು ಎದ್ದು ಬರುವಾಗ ಆಗುವ ಸಂತೋಷಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಗುಂಯ್‌ಗುಡುವಿಕೆ ಹೋದದ್ದು ದಪ್ಪ ತಂತಿಯಿಂದಲ್ಲ. ಮೊದಲು ಪ್ಲೇಯರ್ ಒಂದು ಗೋಡೆಯಲ್ಲೂ ಆಂಪ್ಲಿಫೈಯರ್ ಮತ್ತೊಂದರಲ್ಲೂ ಇದ್ದು, ಎರಡು ಅರ್ಥ್ ದಾರಿಗಳ ನಡುವೆ ಸಿಗ್ನಲ್ ಕೇಬಲ್ಲೇ ಸೇತುವೆಯಾಗಿ, ಅದರಲ್ಲಿ ಹರಿದ ಕರೆಂಟೇ ಗುಂಯ್ ಎಂದು ಕೇಳುತ್ತಿತ್ತು. ಈಗ ಎಲ್ಲವೂ ಒಂದೇ ಬೋರ್ಡಿನಲ್ಲಿ, ಒಂದೇ ಅರ್ಥ್ ಬಿಂದುವಿನಲ್ಲಿವೆ. ಎಲೆಕ್ಟ್ರಿಶಿಯನ್ ಆಡಿಯೋಗೆಂದೇ, ಮನೆಯ ಅರ್ಥಿಂಗಿಗೆ ಸೇರಿಸದ ಬೇರೆ ಅರ್ಥ್ ಗುಂಡಿಯನ್ನು ನೆಲದಲ್ಲಿ ತೆಗೆಯೋಣ ಎಂದಾಗ ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಫೇಸ್ ತಂತಿ ಉಪಕರಣದ ಲೋಹದ ಮೈಗೆ ತಗುಲಿದಾಗ ಕರೆಂಟ್ ಮಣ್ಣಿನ ಮೂಲಕವೇ ಹಿಂದಿರುಗಬೇಕಾಗಿ, ಎಂಸಿಬಿ ಬೀಳುವಷ್ಟು ಹರಿಯದೆ ಹೋಗಬಹುದು; ಸಿಡಿಲಿನ ಹೊತ್ತಿನಲ್ಲಿ ಎರಡು ಅರ್ಥ್‌ಗಳ ನಡುವೆ ಅಪಾಯಕರ ವೋಲ್ಟೇಜ್ ಏಳಬಹುದು. ಇದನ್ನು ಯಾರೂ ಮಾಡಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ದಿನ ಕಳೆದಂತೆ ಈ ಲೈನಿನ ಮಿತಿಯೂ ತಿಳಿಯಿತು. ಸಂಜೆ ಬೀದಿಗೇ ವೋಲ್ಟೇಜ್ ಇಳಿದರೆ ಇಲ್ಲಿಯೂ ಇಳಿಯುತ್ತದೆ, ಏಕೆಂದರೆ ಮೂಲ ಟ್ರಾನ್ಸ್‌ಫಾರ್ಮರ್ ಒಂದೇ. ನಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದು, ಅಂದರೆ ನಯವಾದ ಅಲೆಯ ಬದಲು ಚೌಕಾಕಾರದ ಅಲೆ ಕೊಡುವಂಥದು, ಆದ್ದರಿಂದ ಅದರ ಕರೆಂಟಿನಲ್ಲಿ ಆಂಪ್ಲಿಫೈಯರ್ ಗರಗರ ಎನ್ನುತ್ತಿತ್ತು; ಹಾಗಾಗಿ ಈ ಲೈನನ್ನು ಅದರಿಂದ ಹೊರಗಿಟ್ಟಿದ್ದೇನೆ. ಕರೆಂಟ್ ಹೋದರೆ ಸಂಗೀತವೂ ನಿಲ್ಲುತ್ತದೆ, ಅದೂ ರಾಗ ವಿಸ್ತಾರಗೊಳ್ಳುತ್ತಿರುವಾಗಲೇ. ಇದರ ಬೇಸರ ಇನ್ನೂ ಹೋಗಿಲ್ಲ.

ತಂತಿ, ಎಂಸಿಬಿಗಳಿಗಿಂತ ಗೋಡೆ ಕೊರೆದು ಮತ್ತೆ ಬಣ್ಣ ಬಳಿಸಿದ್ದೇ ನನಗೆ ದುಬಾರಿಯಾಯಿತು. ಆದ್ದರಿಂದ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗಿಗೆ ಮುನ್ನವೇ ಇದನ್ನು ಸೇರಿಸಿಕೊಳ್ಳುವುದು ಲೇಸು. ಬಾಡಿಗೆ ಮನೆಯವರು ಮೊದಲು ಎಲ್ಲ ಉಪಕರಣಗಳನ್ನೂ ಅರ್ಥ್ ಸರಿಯಾಗಿರುವ ಒಂದೇ ಸಾಕೆಟ್ಟಿನಿಂದ, ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ನಡೆಸಿ ಕೇಳಿ ನೋಡಲಿ. ಆಮೇಲೂ ಸದ್ದು ಉಳಿದರೆ ಮಾತ್ರ ಮಾಲೀಕರ ಬಳಿ ಗೋಡೆಯ ಮಾತೆತ್ತಲಿ.