ಚಿಟಿಕೆ ಒಂದು ಗೇಣು ಎಡಕ್ಕೆ ಸರಿದಿತ್ತು: ಕಿಟ್ ತಂದು ಕಟ್ಟಿದ ಸ್ಪೀಕರ್, ಮೂರು ವರ್ಷದ ಮೇಲೆ

ಈ ಸ್ಪೀಕರ್ ಜೋಡಿ ಕಟ್ಟಿದ್ದು 2022ರ ಡಿಸೆಂಬರಿನಲ್ಲಿ, ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ. ದಪ್ಪ ಸದ್ದಿಗೆ ಆರೂವರೆ ಇಂಚಿನ ವೂಫರ್, ತೆಳು ಸದ್ದಿಗೆ ಒಂದು ಇಂಚಿನ ರೇಷ್ಮೆ ಡೋಮ್ ಟ್ವೀಟರ್ ಇರುವ ಟೂ ವೇ ಕಿಟ್, ಅಂದ್ರೆ ನಾವೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟು. ಕಿಟ್‌ಗೆ 14,500 ರೂಪಾಯಿ, ಹಲಗೆ ಮತ್ತು ಬಡಗಿ ಕೂಲಿ 3,800, ಬಣ್ಣ ಬೆಸುಗೆ ಅಂತ ಇನ್ನೊಂದು 900. ನನ್ನ ಕೈಯಲ್ಲಿ ಇದ್ದದ್ದೇ ಇಪ್ಪತ್ತು ಸಾವಿರ. ಅಷ್ಟರೊಳಗೆ ಮುಗಿಯಿತು.

ಕಿಟ್‌ನಲ್ಲಿ ಪೆಟ್ಟಿಗೆ ಬರುವುದಿಲ್ಲ. ನಕ್ಷೆ ಮಾತ್ರ ಬರುತ್ತೆ. 18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಂದು ಪರಿಚಯದ ಬಡಗಿಯಿಂದ ಕೊರೆಸಿದೆ. ಕೊರೆಯುವಾಗ ಏಳುವ ಪುಡಿ ಹಿಟ್ಟಿನಷ್ಟು ನುಣುಪು, ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಮಾಸ್ಕ್ ಹಾಕಿಕೊಂಡು ಅಂಗಳದಲ್ಲೇ ಕೊರೆಸಿ.

ನನಗೆ ಖುಷಿ ಕೊಟ್ಟಿದ್ದು ಕ್ರಾಸೋವರ್ ಕೆಲಸ. ದಪ್ಪ ಸದ್ದು ವೂಫರಿಗೆ, ತೆಳು ಸದ್ದು ಟ್ವೀಟರಿಗೆ ಹಂಚುವ ಸರ್ಕ್ಯೂಟ್ ಅದು. ಊಟ ಮುಗಿಸಿ, ಪರಸಿ ಕಲ್ಲಿನ ಮೇಲೆ ಹಳೇ ಪೇಪರ್ ಹಾಸಿ, ಬೆಸುಗೆ ಕಡ್ಡಿ ಬಿಸಿಗೆ ಇಟ್ಟು ಕೂತರೆ ಹನ್ನೊಂದಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಅದರ ಎರಡು ತಂತಿ ಸುರುಳಿಗಳನ್ನು ಪಕ್ಕಪಕ್ಕ ಒಂದೇ ದಿಕ್ಕಿಗೆ ಇಡಬಾರದು. ಒಂದರ ಕಾಂತಶಕ್ತಿ ಇನ್ನೊಂದರೊಳಗೆ ನುಗ್ಗುತ್ತೆ. ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ, ನಡುವೆ ಜಾಗ ಬಿಟ್ಟು ಕೂಡಿಸಿದೆ. ನಕ್ಷೆಯಲ್ಲಿ ಟ್ವೀಟರಿನ ಪ್ಲಸ್ ತಂತಿ ಮೈನಸ್‌ಗೆ ಹೋಗಿತ್ತು. ಅದು ಅಚ್ಚಿನ ತಪ್ಪು ಅಂತ ನನ್ನ ಗೆಳೆಯ ಪಟ್ಟು ಹಿಡಿದ. ತಪ್ಪಲ್ಲ. ಸೆಕೆಂಡ್ ಆರ್ಡರ್ ಅನ್ನುವ ಇಂಥ ಬಗೆಯ ಕ್ರಾಸೋವರಿನಲ್ಲಿ ವೂಫರಿನ ಸದ್ದು, ಟ್ವೀಟರಿನ ಸದ್ದು ಕೂಡುವ ಕಡೆ ಒಂದಕ್ಕೊಂದು ಎದುರಾಗಿ ಬರುತ್ತವೆ. ತಂತಿ ಅದಲು ಬದಲು ಮಾಡಿದರೇ ಅವು ಕೈಗೂಡುವುದು. ವೂಫರಿನ ಪ್ಲಸ್ ಯಾವ ಕಡೆ ಅನ್ನುವ ಅನುಮಾನ ಬಂದರೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ತಾಗಿಸಿ ನೋಡಿ. ಪ್ಲಸ್‌ಗೆ ಪ್ಲಸ್ ಆದರೆ ಕೋನ್, ಅಂದ್ರೆ ವೂಫರಿನ ಅಲುಗುವ ಮುಂಭಾಗ, ಹೊರಗೆ ಬರುತ್ತೆ.

ಮೊದಲ ದಿನ ತಬಲಾ ಹಾಕಿದೆ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವಾಗ ಏಳುವ ಆ ಗುಂಯ್ ಅನ್ನುವ ನಾದ, ಹಳೇ ಸೆಟ್‌ನಲ್ಲಿ ಬರೀ ಒಂದು ಗುದ್ದಾಗಿ ಕೇಳುತ್ತಿತ್ತು. ಇಲ್ಲಿ ಕೈ ಎಲ್ಲಿಂದ ಹೊರಟು ಎಲ್ಲಿ ನಿಂತಿತು ಅನ್ನುವುದೂ ತಿಳಿಯಿತು. ಆ ರಾತ್ರಿ ನಾನು ಮಲಗಿದ್ದು ಎರಡು ಗಂಟೆಗೆ.

ಎರಡನೇ ವಾರ ಕಾಕಾನ ತತ್ವಪದ ಹಾಕಿದೆ. ಊರಲ್ಲಿ ಕಟ್ಟೆಯ ಮೇಲೆ ಕೂತು ಹಾಡಿದ್ದನ್ನು ನಾನೇ ಫೋನಿನಲ್ಲಿ ಹಿಡಿದಿದ್ದೆ. ಒಂದು ಕೈಯಲ್ಲಿ ಏಕತಾರಿ, ಇನ್ನೊಂದರಲ್ಲಿ ಚಿಟಿಕೆ, ಅಂದ್ರೆ ಗೆಜ್ಜೆ ಕಟ್ಟಿದ ಕೈತಾಳ. ಒಂದೇ ಮೈಕಿನ ರೆಕಾರ್ಡಿಂಗ್, ಅಂದ್ರೆ ಎಲ್ಲ ಸದ್ದೂ ಎರಡು ಸ್ಪೀಕರಿನ ನಟ್ಟನಡುವೆ ನಿಲ್ಲಬೇಕು, ಅಲ್ವಾ? ಏಕತಾರಿ ನಡುವೆ ನಿಂತಿತು. ಕಾಕಾನ ದನಿಯೂ ನಿಂತಿತು. ಚಿಟಿಕೆ ಮಾತ್ರ ಒಂದು ಗೇಣು ಎಡಕ್ಕೆ ಸರಿದು, ಬೇರೆ ಯಾರೋ ಪಕ್ಕದಲ್ಲಿ ಕೂತು ಬಾರಿಸಿದ ಹಾಗೆ ಕೇಳಿತು. ಕಿವಿಗೊಟ್ಟರೆ ಮಾತಿನಲ್ಲೂ ಅದೇ. 'ಶರಣ' ಅಂದರೆ 'ಶ' ಎಡಗಡೆಯಿಂದ, 'ರಣ' ನಡುವಿನಿಂದ.

ಇದಾದ ಮೇಲೆ ನನಗೆ ಸಂಗೀತ ಕೇಳುವುದೇ ಆಗಲಿಲ್ಲ. ಏನೇ ಹಾಕಿದರೂ ಕಿವಿ ಆ 'ಸ', 'ಶ'ಗಳನ್ನೇ ಹುಡುಕುತ್ತಿತ್ತು. ಕಿಟ್ ಮಾರಿದವರಿಗೆ ಫೋನ್ ಮಾಡಿದೆ. ನಿಮ್ಮ ಕೋಣೆಯದೇ ತೊಂದರೆ ಅಂದರು. ನಂಬಿದೆ. ನಮ್ಮ ಮನೆಯ ನೆಲ ಪೂರಾ ಶಹಾಬಾದ್ ಪರಸಿ, ಸದ್ದು ಕಲ್ಲಿಗೆ ಬಡಿದು ಎದುರು ಬರುತ್ತೆ. ಜಮಖಾನ ಹಾಸಿದೆ, ಎಡಗೋಡೆಗೆ ಕೌದಿ ನೇತು ಹಾಕಿದೆ. ಗದ್ದಲ ಇಳಿಯಿತು, ಚಿಟಿಕೆ ಮಾತ್ರ ಸರಿದಲ್ಲೇ ಇತ್ತು. ಕಿವಿ ತೋರಿಸಲು ಡಾಕ್ಟರ ಹತ್ತಿರವೂ ಹೋಗಿ ಬಂದೆ. ಹೀಗೆ ಐದು ತಿಂಗಳು ಕಳೆದವು. ಕಷ್ಟಪಟ್ಟು ಕೂಡಿಟ್ಟ ದುಡ್ಡು, ಕೈಯಾರೆ ಕಟ್ಟಿದ ವಸ್ತು. ಪಡಸಾಲೆಗೆ ಹೋದರೆ ಅದರ ಕಡೆ ನೋಡಲು ಮನಸ್ಸಾಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಹೊಳೆಯಿತು. ಎಡಗಡೆಯ ಸ್ಪೀಕರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಇಟ್ಟು ಅದೇ ಪದ ಹಾಕಿದೆ. ಚಿಟಿಕೆ ಬಲಕ್ಕೆ ಬಂತು! ಕೋಣೆಯ ತಪ್ಪಾಗಿದ್ದರೆ, ಕಿವಿಯ ತಪ್ಪಾಗಿದ್ದರೆ, ಅದು ಎಡಕ್ಕೇ ಇರಬೇಕಿತ್ತು. ತಪ್ಪು ಇರುವುದು ಪೆಟ್ಟಿಗೆಯೊಳಗೆ.

ವೂಫರ್ ಬಿಚ್ಚಿ ಕ್ರಾಸೋವರ್ ಹೊರಗೆ ತೆಗೆದೆ. ಟ್ವೀಟರ್ ಸಾಮಾನ್ಯವಾಗಿ ವೂಫರಿಗಿಂತ ಜೋರು. ಅದನ್ನು ಹದಕ್ಕೆ ತರಲು ದಾರಿಯಲ್ಲಿ ಒಂದು ಬಿಳಿ ಸಿಮೆಂಟ್ ರೆಸಿಸ್ಟರ್ ಇರುತ್ತೆ, ವಿದ್ಯುತ್ತಿಗೆ ತಡೆ ಒಡ್ಡುವ ತುಂಡು. ಆ ತಡೆಯ ಅಳತೆ ಓಮ್. ನಕ್ಷೆಯ ಪ್ರಕಾರ 2.2 ಓಮ್. ಒಂದು ಕಾಲಿನ ಬೆಸುಗೆ ಬಿಡಿಸಿ ಎರಡನ್ನೂ ಅಳೆದೆ. ಮಲ್ಟಿಮೀಟರಿನ ತಂತಿಗಳನ್ನೇ ಒಂದಕ್ಕೊಂದು ತಾಗಿಸಿದರೆ 0.2 ತೋರಿಸುತ್ತೆ, ಅದನ್ನು ಕಳೆಯಬೇಕು. ಕಳೆದ ಮೇಲೆ ಒಂದರಲ್ಲಿ 2.2, ಇನ್ನೊಂದರಲ್ಲಿ 3.9. ಅಂಟು ಕೆರೆದು ತಿರುಗಿಸಿ ನೋಡಿದರೆ ಮೈಮೇಲೆ 3ಆರ್9, ಅಂದ್ರೆ 3.9 ಓಮ್, ಅಂತ ಅಚ್ಚೂ ಇತ್ತು. ಅಚ್ಚಿನ ಮುಖ ಕೆಳಗೆ ಮಾಡಿ ಅಂಟಿಸಿದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮ ಟ್ವೀಟರ್ 6 ಓಮಿನದು. ಲೆಕ್ಕ ಹಾಕಿದರೆ 3.9 ಇದ್ದದ್ದು, ಅಂದ್ರೆ ಮೊದಲು ಬಲಗಡೆ ಇಟ್ಟಿದ್ದು, ಒಂದೂವರೆ ಡೆಸಿಬೆಲ್‌ಗಿಂತ (ಸದ್ದಿನ ಜೋರಿನ ಅಳತೆ) ಸ್ವಲ್ಪ ಜಾಸ್ತಿ ಮೆತ್ತಗೆ ನುಡಿಯುತ್ತಿತ್ತು. ಕೇಳಲು ಇಷ್ಟೇನಾ ಅನ್ನಿಸುತ್ತೆ. ಆದರೆ ಎರಡು ಸ್ಪೀಕರಿನ ನಡುವೆ ಒಂದು ದನಿ ನಿಲ್ಲುವುದು ಎರಡೂ ಕಡೆ ಸಮ ಇದ್ದಾಗ ಮಾತ್ರ. ತೆಳು ಸದ್ದೆಲ್ಲ ಟ್ವೀಟರಿನದು, ಅದೇ ಎಡಕ್ಕೆ ವಾಲಿತು. ದಪ್ಪ ಸದ್ದು ವೂಫರಿನದು, ಅದು ಅಲ್ಲೇ ಉಳಿಯಿತು. ಒಬ್ಬನೇ ಮನುಷ್ಯ ಎರಡು ಹೋಳಾದ.

ಸೂಪರ್ ಮಾರ್ಕೆಟ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 2.2 ಓಮ್ ರೆಸಿಸ್ಟರ್ ಸಿಕ್ಕಿತು. ಹತ್ತು ರೂಪಾಯಿ. ಅದನ್ನು ಕೂಡಿಸಿ ಕಾಕಾನ ಪದ ಹಾಕಿದಾಗ ಚಿಟಿಕೆ ಏಕತಾರಿಯ ಪಕ್ಕ, ಕಾಕಾನ ಕೈಗೇ ಬಂದು ಸೇರಿತು.

ಕಿಟ್ ಮಾರಿದವರಿಗೆ ಫೋಟೋ ಕಳಿಸಿದೆ. ಕ್ಷಮೆ ಕೇಳಿದರು, ಬೇರೆ ರೆಸಿಸ್ಟರ್ ಕೂಡ ಅಂಚೆಯಲ್ಲಿ ಬಂತು. ಆದರೂ ಹೇಳುತ್ತೇನೆ: ಮೊದಲ ಫೋನಿನಲ್ಲೇ 'ಎರಡೂ ಸ್ಪೀಕರ್ ಅದಲು ಬದಲು ಮಾಡಿ ನೋಡಿ' ಅಂದಿದ್ದರೆ ನನ್ನ ಐದು ತಿಂಗಳು ಉಳಿಯುತ್ತಿತ್ತು. ಭಾಗಗಳ ಪೊಟ್ಟಣದ ಮೇಲೆ ಎಡ, ಬಲ, ಎಷ್ಟು ಓಮ್ ಅಂತ ಬರೆಯುವುದಕ್ಕೆ ಒಂದು ಪೆನ್ನು ಸಾಕು. ನೀವು ಯಾವ ಕಿಟ್ ತಂದರೂ ಬೆಸುಗೆಗೆ ಮೊದಲು ಪ್ರತಿ ರೆಸಿಸ್ಟರ್ ಅಳೆಯಿರಿ. ಕಟ್ಟಿದ ದಿನವೇ ಫೋನಿನಲ್ಲಿ ಮೋನೋ ಆಡಿಯೋ (ಎರಡೂ ಕಡೆ ಒಂದೇ ಸದ್ದು) ಆನ್ ಮಾಡಿ ಒಬ್ಬರ ಮಾತು ಕೇಳಿ, ಅದು ನಟ್ಟನಡುವೆ ನಿಲ್ಲಬೇಕು.

ಆಮೇಲಿನ ಎರಡೂವರೆ ವರ್ಷದ ಬಗ್ಗೆ ದೂರು ಕಡಿಮೆ. ನಕ್ಷೆ ಮಾಡಿದವರು ಕೇಳುಗ ಕುರ್ಚಿಯಲ್ಲಿ ಕೂರುತ್ತಾನೆ ಅಂದುಕೊಂಡಿದ್ದಾರೆ. ನಾನು ಜಮಖಾನದ ಮೇಲೆ ಕೂರುವವನು. ಹಾಗಾಗಿ ಸ್ಟ್ಯಾಂಡ್ ಒಂದೂವರೆ ಅಡಿಗೆ ಇಳಿಸಿದೆ, ಟ್ವೀಟರ್ ಕಿವಿಯ ಮಟ್ಟಕ್ಕೆ ಬಂತು. ಮೇಲೆ ಕೆಳಗೆ ಪರಸಿ ತುಂಡು, ನಡುವೆ ಸಾಗವಾನಿ ಕಂಬ. ಎಷ್ಟು ಜೋರು ಹಾಕಿದರೂ ಅಲುಗುವುದಿಲ್ಲ.

ಬೇಸಿಗೆ ಮಾತ್ರ ಕಷ್ಟ. ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತೆ, ಕೂಲರ್ ಇಲ್ಲದೆ ಕೂರಲಾಗದು. ಕೂಲರ್ ಸದ್ದಿನಲ್ಲಿ ತಂಬೂರಿ ಮುಳುಗಿ ಹೋಗುತ್ತೆ. ಅದಕ್ಕೇ ಬೆಳಗ್ಗೆ ಐದಕ್ಕೆ ಎದ್ದು, ಕೂಲರ್ ಬಂದ್ ಮಾಡಿ, ಕಿಟಕಿ ತೆರೆದು, ಚಹಾ ಇಟ್ಟುಕೊಂಡು ಒಂದು ತಾಸು ಕೇಳುತ್ತೇನೆ. ಕೋನಿನ ಧೂಳು ತೆಗೆಯಲು ಮೆತ್ತನೆಯ ಬ್ರಷ್, ಟ್ವೀಟರಿಗೆ ಅದೂ ಇಲ್ಲ, ಸುಮ್ನೆ ಬಿಡಬೇಕು. ಇನ್ನೊಂದು ಮಾತು, ಕೂಲರಿನ ಹಸಿ ಗಾಳಿ ಎಂಡಿಎಫ್‌ಗೆ ಆಗದು. ಮೊದಲ ಬೇಸಿಗೆಯಲ್ಲೇ ಎಡ ಪೆಟ್ಟಿಗೆಯ ಕೆಳ ಅಂಚು ಉಬ್ಬಿದೆ. ಬಣ್ಣಕ್ಕೆ ಮೊದಲು ಅಂಚಿಗೆ ನೀರು ಬೆರೆಸಿದ ಫೆವಿಕಾಲ್ ಎರಡು ಸಲ ಬಳಿದಿದ್ದರೆ ಉಬ್ಬುವುದು ಕಡಿಮೆಯಾಗುತ್ತಿತ್ತೇನೋ.

ಮತ್ತೆ ಇದೇ ಕಿಟ್ ತರುತ್ತೀಯಾ ಅಂದರೆ ತರುತ್ತೇನೆ. ಬೆಸುಗೆ ಹಿಡಿದು ಗೊತ್ತಿಲ್ಲದವರು, ಮಲ್ಟಿಮೀಟರ್ ಇಲ್ಲದವರು ಸಿದ್ಧ ಸ್ಪೀಕರ್ ಕೊಳ್ಳುವುದೇ ಒಳ್ಳೆಯದು.

ಹೋದ ದೀಪಾವಳಿಗೆ ಕಾಕಾ ಮನೆಗೆ ಬಂದಿದ್ದರು. ಅವರನ್ನು ನಟ್ಟನಡುವೆ ಕೂರಿಸಿ ಅವರದೇ ಪದ ಹಾಕಿದೆ. ಕಣ್ಣು ಮುಚ್ಚಿ ಪೂರಾ ಕೇಳಿದರು. ಮುಗಿದ ಮೇಲೆ ಹಾಡಿನ ಬಗ್ಗೆ ಏನೂ ಹೇಳಲಿಲ್ಲ. "ಚಿಟಿಕ್ಯಾಗ ಒಂದು ಗೆಜ್ಜಿ ಸಡಿಲಾಗ್ಯಾದ ನೋಡು" ಅಂದರು. ಊರಿಗೆ ಹೋದ ಮರುದಿನವೇ ಬಿಗಿ ಮಾಡಿಸಿದರಂತೆ.